ಹೊಳಪು ಆಮೇಲೆ, ಮೊದಲು ಸ್ಕ್ರೂ ನೋಡು

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ತಂತಿ ಸಂದೇಶವನ್ನು ಚುಕ್ಕೆ ಗೆರೆಗಳಾಗಿ ಒತ್ತಿ ಕಳಿಸುವ ಮೋರ್ಸ್ ಕೀ ಕೂಡಿಡಬೇಕು, ಅದರಲ್ಲೂ ಕೈಯಲ್ಲಿ ಮಾಡಿದವು, ಅಪರೂಪದವು ಬೇಕು ಅಂತ ಬರೆದಿದ್ದೀಯ. ಸಂತೋಷ. ಆದರೆ ಫೋಟೋ ಕಳಿಸಿದ್ದೀಯಲ್ಲ, ಹಡಗಿನ ಹೆಸರು ಕೆತ್ತಿರುವ ಫಳಫಳ ಹಿತ್ತಾಳೆ ಕೀ, ಅದನ್ನು ಮಾತ್ರ ಕೊಳ್ಳಬೇಡ. ಮೇಲೆ 1912 ಅಂತ ಕೆತ್ತಿದ್ದಾರೆ, ಅಡಿಯಲ್ಲಿ ಮರಕ್ಕೆ ಬಿಗಿದಿರುವುದು ಸ್ಟಾರ್ ಸ್ಕ್ರೂ. ಆ ಥರದ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಕೆತ್ತನೆ ಸುಳ್ಳು ಹೇಳಬಹುದು, ಸ್ಕ್ರೂ ಹೇಳುವುದಿಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಹೋಗುವಾಗ ಚೀಲದಲ್ಲಿ ಕರೆಂಟಿಗೆ ದಾರಿ ಇದೆಯೇ ಅಂತ ಬೀಪ್ ಮಾಡಿ ಹೇಳುವ ಮಲ್ಟಿಮೀಟರ್, ಒಂದು ಭೂತಗನ್ನಡಿ ಇರಲಿ. ಕೀ ಕೈಗೆ ಬಂದ ಕೂಡಲೇ ತೋಳಿಗೆ, ಅಂದರೆ ಒತ್ತುವ ಲೋಹದ ಪಟ್ಟಿಗೆ, ಮೀಟರಿನ ಒಂದು ಪಿನ್, ಒತ್ತಿದಾಗ ಅದು ಹೋಗಿ ಮುಟ್ಟುವ ಮುಂದಿನ ಕಾಂಟ್ಯಾಕ್ಟಿಗೆ ಇನ್ನೊಂದು ಪಿನ್ ಹಿಡಿ. ಒತ್ತಿದಾಗ ಮಾತ್ರ ಬೀಪ್ ಬರಬೇಕು. ಒತ್ತದಿದ್ದರೂ ಬರುತ್ತಿದ್ದರೆ ಎಲ್ಲವನ್ನೂ ಒಂದೇ ಹಿತ್ತಾಳೆ ತಟ್ಟೆಗೆ ಇನ್ಸುಲೇಷನ್ ಇಲ್ಲದೆ ಜಡಿದಿರುವ ಶೋಕೇಸ್ ಮಾಲು ಇರಬಹುದು. ಆದರೆ ತೀರ್ಪು ಕೊಡುವ ಮೊದಲು ಪಕ್ಕದಲ್ಲಿ ಅಡ್ಡಕ್ಕೆ ಸರಿಯುವ ಸಣ್ಣ ಲಿವರ್ ಇದೆಯೇ ನೋಡು. ಅಮೆರಿಕದ ತಂತಿ ಲೈನುಗಳಲ್ಲಿ ಕೆಲಸವಿಲ್ಲದಾಗಲೂ ಕರೆಂಟ್ ಹರಿಯುತ್ತಲೇ ಇರಬೇಕಿತ್ತು. ಕೀ ಸುಮ್ಮನಿದ್ದಾಗ ಸರ್ಕ್ಯೂಟ್ ಮುಚ್ಚಿಡಲು, ಅಂದರೆ ಕರೆಂಟಿನ ದಾರಿ ಜೋಡಿಸಿಡಲು, ಆ ಲಿವರ್. ಅದನ್ನು ಸರಿಸಿ ಮತ್ತೆ ಪರೀಕ್ಷಿಸು. ಬ್ರಿಟಿಷ್ ಮಾದರಿಯವಕ್ಕೆ ಅದಿಲ್ಲ, ಬದಲಿಗೆ ತಂತಿ ಕಟ್ಟಲು ಮೂರು ಟರ್ಮಿನಲ್. ಸುಮ್ಮನಿದ್ದಾಗ ತೋಳು ಹಿಂದಿನ ಕಾಂಟ್ಯಾಕ್ಟ್ ಮುಟ್ಟಿರುತ್ತದೆ, ಒತ್ತಿದಾಗ ಮುಂದಿನದನ್ನು.

‘ತಂತಿ ಕಚೇರಿ ಮುಚ್ಚಿದ ದಿನ ಮೇಜಿನಿಂದ ಬಿಚ್ಚಿ ತಂದದ್ದು ಮೇಡಂ’ ಅನ್ನುವವರ ಮಾತಿಗೆ ದುಡ್ಡು ಸೇರಿಸಬೇಡ. ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ. ಕೀಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಟೆಲಿಪ್ರಿಂಟರಿಗೆ ಜಾಗ ಬಿಟ್ಟು ಗುಜರಿ ಸೇರಿದ್ದವು.

ಹಿಡಿ ಕಪ್ಪಗಿದ್ದರೆ ಎಬೊನೈಟೋ ಬೇಕಲೈಟೋ ಗೊತ್ತುಮಾಡಿಕೋ. ಬೇಕಲೈಟ್ ಅಂದರೆ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್, ಎಬೊನೈಟ್ ಅಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. ಎಬೊನೈಟ್ ಬಿಸಿಲು ತಿಂದು ತಿಂದು ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ. ಅದಕ್ಕೆ ಬಿಸಿನೀರು ತಾಗಿಸಬೇಡ, ಉಳಿದ ಕಪ್ಪೂ ಹೋಗುತ್ತದೆ.

ಕೈಯಲ್ಲಿ ಮಾಡಿದ ಕೀಗಳದು ಬೇರೆಯೇ ಲೆಕ್ಕ. ಅಲ್ಲಿ ಕಂಪನಿ ಹೆಸರಿಲ್ಲ, ನಂಬರಿಲ್ಲ, ಮಾಡಿದವನ ಅರದ ಗೀರುಗಳೇ ಸಹಿ. ಹ್ಯಾಕ್ಸಾ ಬ್ಲೇಡಿನ ಸೈಡ್‌ಸ್ವೈಪರ್ ಸಿಕ್ಕರೆ ಬಿಡಬೇಡ. ತೋಳು ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ಆಡುತ್ತದೆ. ಎರಡೂ ಕಡೆಯ ಕಾಂಟ್ಯಾಕ್ಟ್ ಒಂದೇ ತಂತಿಗೆ ಸೇರಿರುತ್ತವೆ. ಚುಕ್ಕೆ ಗೆರೆ ಎರಡನ್ನೂ ಬೆರಳೇ ಅಳೆಯಬೇಕು. ಇದರಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ: ಬ್ಲೇಡು ಬಿಟ್ಟಾಗ ಮಧ್ಯದಲ್ಲಿ ನಿಲ್ಲದೆ ಆಚೆ ಕಡೆಯ ಕಾಂಟ್ಯಾಕ್ಟಿಗೆ ಹೋಗಿ ಬಡಿದು, ಬೇಡದ ಚುಕ್ಕೆ ಹುಟ್ಟಿಸುತ್ತದೆ. ಪೀಠಕ್ಕೆ ಬಿಗಿದ ಜಾಗದಿಂದಾಚೆ ಬ್ಲೇಡು ಉದ್ದ ಬಿಟ್ಟಷ್ಟೂ ಈ ಕಾಟ ಹೆಚ್ಚು. ತಿಳಿದವರು ಬ್ಲೇಡಿಗೆ ಒತ್ತಿದಂತೆ ಸಣ್ಣ ರಬ್ಬರ್ ಚೂರೋ ಬಟ್ಟೆಯೋ ಸಿಕ್ಕಿಸಿರುತ್ತಾರೆ. ಕಸ ಅಂದುಕೊಂಡು ಅದನ್ನು ಕಿತ್ತರೆ ಕೀಯ ಅರ್ಧ ಬುದ್ಧಿಯನ್ನೇ ಕಿತ್ತಂತೆ. ಪೀಠದ ತೂಕವನ್ನೂ ನೋಡು. ಅರ್ಧ ಕೆ.ಜಿ.ಗಿಂತ ಹಗುರವಾಗಿದ್ದರೆ ಬಳಸುವಾಗ ಮೇಜಿನ ಮೇಲೆ ನಡೆದುಕೊಂಡು ಹೋಗುತ್ತದೆ. ಅಡಿಯಲ್ಲಿ ಯಾರೋ ಸೀಸ ಕರಗಿಸಿ ಸುರಿದಿದ್ದರೆ ಅದು ದೋಷವಲ್ಲ, ಅನುಭವ. ಸೀಸ ಮುಟ್ಟಿದ ಕೈ ತೊಳೆದುಕೋ, ಅಷ್ಟೇ.

ಇನ್ನು ಮನೆಗೆ ತಂದ ಮೇಲೆ. ನಿಮ್ಮಮ್ಮ ಪೂಜೆ ಸಾಮಾನಿನ ಜೊತೆ ಹುಣಸೆಹಣ್ಣು ಹಚ್ಚಿ ಬೆಳಗಿಕೊಡುತ್ತೇನೆ ಅನ್ನುತ್ತಾಳೆ, ಕೊಡಬೇಡ! ಹುಳಿಗೆ ಹಳೆಯ ಮೆರುಗೆಣ್ಣೆ ಏಳುತ್ತದೆ, ಹಿತ್ತಾಳೆ ಮೇಲೆ ತಾಮ್ರದ ಕೆಂಪು ಮಚ್ಚೆ ಬೀಳುತ್ತದೆ. ಧೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ತೆಗೆ. ಹಸಿರು ಕಿಲುಬು ಎದ್ದಿದ್ದರೆ ಬಿದಿರುಕಡ್ಡಿಯ ತುದಿಯಲ್ಲಿ ಕೆರೆ. ಕಂದು ಬಣ್ಣ ಹಾಗೇ ಇರಲಿ.

ಕಾಂಟ್ಯಾಕ್ಟಿಗೆ ಉಪ್ಪುಕಾಗದ ಮುಟ್ಟಿಸಬೇಡ. ಅಲ್ಲಿರುವ ಬೆಳ್ಳಿ ತೆಳು, ಉಜ್ಜಿದರೆ ಗೀರಿನಲ್ಲಿ ಮರಳು ಕೂರುತ್ತದೆ. ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಕೀ ಮೆತ್ತಗೆ ಒತ್ತಿ ಹಿಡಿದು ಎಳೆ. ಕಾಗದ ಕಪ್ಪಾಗದೆ ಬರುವವರೆಗೆ ಹೊಸ ಪಟ್ಟಿ.

ಸರಿಹೊಂದಿಸುವಾಗ ಕ್ರಮ ತಪ್ಪಿಸಬೇಡ. ಮೊದಲು ತೋಳಿನ ಎರಡು ಪಕ್ಕದ ಮೊನೆ ಸ್ಕ್ರೂಗಳು: ಅಲುಗಾಟ ಹೋಗುವಷ್ಟು ಮಾತ್ರ ಬಿಗಿ, ತೋಳು ತನ್ನ ಭಾರಕ್ಕೆ ತಾನೇ ಬೀಳಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಸ್ಕ್ರೂಡ್ರೈವರಿನಲ್ಲಿ ಅದನ್ನು ಹಿಡಿದುಕೊಂಡೇ ನಟ್ ತಿರುಗಿಸು. ಆಮೇಲೆ ಕಾಂಟ್ಯಾಕ್ಟ್ ಎದುರುಬದುರು ಕೂರುತ್ತವೆಯೇ ನೋಡು. ಆಮೇಲೆ ಅಂತರ. ಜೆರಾಕ್ಸ್ ಕಾಗದ ಒಂದು ಹಾಳೆ ಸುಮಾರು 0.1 ಮಿ.ಮೀ.; ಎರಡು ಹಾಳೆ ಜಾರುವಷ್ಟರಿಂದ ಶುರುಮಾಡು. ಸ್ಪ್ರಿಂಗ್ ಕೊನೆಗೆ.

ಸ್ಕ್ರೂ ಕಳೆದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಮಿಲಿಮೀಟರ್ ಸ್ಕ್ರೂ ತಂದು ತುರುಕಬೇಡ. ಬ್ರಿಟಿಷ್ ಕೀಗಳಲ್ಲಿ ಸಾಮಾನ್ಯವಾಗಿ ಬಿಎ, ಅಂದರೆ ಬ್ರಿಟಿಷ್ ಅಸೋಸಿಯೇಷನ್ ಅನ್ನುವ ಹಳೆಯ ಅಳತೆಯ ಮರೆ (ಸ್ಕ್ರೂ ಮೈಮೇಲಿನ ಸುರುಳಿ ಗೆರೆ) ಇರುತ್ತದೆ. 4 ಬಿಎ ಅಂದರೆ 3.6 ಮಿ.ಮೀ. ದಪ್ಪ, ಮರೆಯಿಂದ ಮರೆಗೆ 0.66. ಹೊಸ 4 ಮಿ.ಮೀ. ಸ್ಕ್ರೂ ನೋಡಲು ಹತ್ತಿರದ್ದೇ, ಆದರೆ ಬಲ ಹಾಕಿ ತಿರುಗಿಸಿದರೆ ಹಿತ್ತಾಳೆಯ ಮರೆ ಕಿತ್ತುಬರುತ್ತದೆ. ಹಳೆಯ ಬ್ರಿಟಿಷ್ ಮೀಟರು, ರೇಡಿಯೋ ಗುಜರಿಗೆ ಬಂದಾಗ ಸ್ಕ್ರೂಗಳನ್ನು ಬಿಚ್ಚಿಟ್ಟುಕೋ. ಸಿಗದಿದ್ದರೆ ಪೀಣ್ಯದಲ್ಲಿ ಲೇತ್ ಇರುವವರ ಹತ್ತಿರ ಮಾಡಿಸು, ಹೊಸದು ಅಂತ ಚೀಟಿಯಲ್ಲಿ ಬರೆದಿಡು. ಎಲ್ಲಿ ಕೊಂಡೆ, ಯಾವಾಗ, ಎಷ್ಟಕ್ಕೆ ಅನ್ನುವುದೂ ಅದೇ ಚೀಟಿಯಲ್ಲಿ ಇರಲಿ. ಅದನ್ನು ದಾರದಲ್ಲಿ ಕಟ್ಟು. ರಬ್ಬರ್ ಬ್ಯಾಂಡಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ನಿನ್ನ ಹತ್ತಿರ ಆಗಲೇ ಇರುವ ಮೂರು ಟರ್ಮಿನಲ್ಲಿನ ಕೀಯ ಹಿಂದಿನ ಸ್ಕ್ರೂ ಅಂಟಿಕೊಂಡಿದೆ ಅಂದೆಯಲ್ಲ, ಬಲ ಹಾಕಬೇಡ. ಒಂದು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಡು. ಬೆಳಿಗ್ಗೆ ಎಣ್ಣೆ ಪೂರ್ತಿ ಒರೆಸಿ, ಒಣಗಿದ ಮೇಲೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒಂದು ನಿಮಿಷ ಹಿಡಿ. ಪಕ್ಕದ ಎಬೊನೈಟಿಗೆ ತಾಗದಿರಲಿ. ಸ್ಕ್ರೂಡ್ರೈವರ್ ಸೀಳಿನ ಅಗಲಕ್ಕೆ ಸರಿಯಾಗಿ ಕೂರಬೇಕು. ಆಗಲೂ ಬಾರದಿದ್ದರೆ ಹಾಗೇ ಬಿಡು, ಭಾನುವಾರ ಇಲ್ಲಿಗೆ ತಗೊಂಡು ಬಾ.

ಇಂತಿ ನಿನ್ನ
ದೊಡ್ಡಪ್ಪ