ಬೆಕ್ಕಿಗೂ ನಾಯಿಗೂ ಒಂದೇ ಬೇಸಿಗೆ ಸಲಹೆ ಬೇಡ

ಮಾನ್ಯ ಸಂಪಾದಕರೇ,

ಬಿಸಿಲು ಏರುತ್ತಿದ್ದಂತೆ ಪತ್ರಿಕೆಗಳಲ್ಲಿ ಸಾಕುಪ್ರಾಣಿಗಳ ಆರೈಕೆಯ ಬಗ್ಗೆ ಬರಹಗಳು ಬರುತ್ತವೆ. ಬರಬೇಕಾದದ್ದೇ. ಆದರೆ ಹೆಚ್ಚಿನವು ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕೊನೆಯಲ್ಲಿ ‘ಬೆಕ್ಕುಗಳಿಗೂ ಇದೇ ಅನ್ವಯ’ ಎಂದು ಒಂದು ಸಾಲು ಸೇರಿಸಿರುತ್ತಾರೆ. ಹಾಗೆ ಅನ್ವಯವಾಗುವುದಿಲ್ಲ. ಸೆಕೆಯನ್ನು ಬೆಕ್ಕು ತಾಳಿಕೊಳ್ಳುವ ರೀತಿಯೇ ಬೇರೆ, ಸೆಕೆಯಿಂದ ಅದು ಕೆಡುವ ರೀತಿಯೂ ಬೇರೆ. ಬೆಕ್ಕು ಸಾಕಿರುವ ಓದುಗರಿಗೆ ಉಪಯೋಗವಾಗಲೆಂದು ಈ ವಿವರಗಳನ್ನು ಬರೆಯುತ್ತಿದ್ದೇವೆ.

ಬೆಕ್ಕಿನ ಸಹಜ ಮೈಶಾಖ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗೆ ಜ್ವರ ಎನಿಸುವಷ್ಟು ಬಿಸಿ ಅದಕ್ಕೆ ಆರೋಗ್ಯ. ಸುತ್ತಲಿನ ಗಾಳಿ 30 ಡಿಗ್ರಿ ದಾಟಿದರೂ ಆರೋಗ್ಯವಂತ ಬೆಕ್ಕು ನೆರಳಿನಲ್ಲಿ ಹಾಯಾಗಿಯೇ ಇರುತ್ತದೆ. ಹಾಗಾಗಿ ಕಿಟಕಿಯ ಬಿಸಿಲಿನಲ್ಲಿ ಮೈಚೆಲ್ಲಿ ಮಲಗಿರುವುದನ್ನು ಎತ್ತಿ ಒಳಗೆ ಒಯ್ಯಬೇಕಾಗಿಲ್ಲ. ಸಾಕೆನಿಸಿದಾಗ ತಾನೇ ಎದ್ದು ಹೋಗಲು ತಂಪಾದ ಜಾಗವೊಂದು ಇದ್ದರಾಯಿತು. ಈ ಮಾತು ಚಪ್ಪಟೆ ಮೂತಿಯ ಪರ್ಷಿಯನ್ ತಳಿಗೆ, ಮುದಿ ಬೆಕ್ಕಿಗೆ, ತೀರ ಚಿಕ್ಕ ಮರಿಗೆ, ಬೊಜ್ಜು ಬೆಳೆದಿರುವುದಕ್ಕೆ, ಹೃದಯ ಇಲ್ಲವೇ ಮೂತ್ರಪಿಂಡದ ತೊಂದರೆ ಇರುವುದಕ್ಕೆ ಹೊಂದುವುದಿಲ್ಲ. ಅವು ಬೇಗ ಸೋಲುತ್ತವೆ.

ಬೆಕ್ಕು ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅದೂ ಅಲ್ಪ. ಮೈ ನೆಕ್ಕಿಕೊಂಡು, ಆ ಎಂಜಲು ಆರುವಾಗ ಸಿಗುವ ತಂಪನ್ನೇ ಅದು ಹೆಚ್ಚಾಗಿ ನೆಚ್ಚಿಕೊಂಡಿದೆ. ನಾಯಿ ನಾಲಿಗೆ ಚಾಚಿ ತೇಕುವುದು ದಿನನಿತ್ಯದ ನೋಟ. ಸುಮ್ಮನೆ ಕುಳಿತ ಬೆಕ್ಕು ಬಾಯಿ ತೆರೆದು ತೇಕಿದರೆ ಮಾತ್ರ ಅದು ಅಪಾಯದ ಸೂಚನೆ. ಜೋರಾಗಿ ಆಡಿದ ಮರಿ ಒಂದೆರಡು ನಿಮಿಷ ತೇಕಿ ಸುಧಾರಿಸಿಕೊಳ್ಳಬಹುದು; ವಿಶ್ರಾಂತಿಯಲ್ಲಿದ್ದಾಗಿನ ತೇಕನ್ನು ‘ಸೆಕೆಗೆ ಹಾಗೆ ಮಾಡುತ್ತಿದೆ’ ಎಂದು ಬಿಡುವ ಹಾಗಿಲ್ಲ.

ಇದೇ ಕಾರಣಕ್ಕೆ ಫ್ಯಾನ್ ನಮಗೆ ಕೊಡುವ ಸುಖವನ್ನು ಬೆಕ್ಕಿಗೆ ಕೊಡುವುದಿಲ್ಲ. ಆರಲು ಬೆವರೇ ಇಲ್ಲದಾಗ ಗಾಳಿಗೆ ಕೆಲಸ ಕಡಿಮೆ. ಅಂಗೈ ಒದ್ದೆ ಮಾಡಿಕೊಂಡು ತಲೆಯಿಂದ ಬೆನ್ನಿನುದ್ದಕ್ಕೂ, ಬಿಟ್ಟರೆ ಹೊಟ್ಟೆಗೂ ಸವರಿ, ಆಮೇಲೆ ಫ್ಯಾನ್ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ನೀರಿನ ಏರ್ ಕೂಲರ್ ಬಳಸುವವರು ಎದುರಿನ ಕಿಟಕಿಯನ್ನು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಅದು ತೇವವನ್ನು ತುಂಬುತ್ತದೆ; ತೇವದ ಗಾಳಿಯಲ್ಲಿ ಬೆಕ್ಕಿನ ಎಂಜಲು ಆರುವುದಿಲ್ಲ. ಎ.ಸಿ. ಇದ್ದರೆ 26 ಡಿಗ್ರಿಯ ಆಸುಪಾಸು ಸಾಕು, ಬೇಡವೆನಿಸಿದಾಗ ಹೊರಹೋಗಲು ಬಾಗಿಲು ಸ್ವಲ್ಪ ತೆರೆದಿರಲಿ. ಎ.ಸಿ.ಯನ್ನೇ ನಂಬಿ ಬೆಕ್ಕನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ ಹೊರಗೆ ಹೋದರೆ, ಕರೆಂಟು ಹೋದ ಗಳಿಗೆಯಿಂದ ಆ ಕೋಣೆ ಕಾಯತೊಡಗುತ್ತದೆ.

ಮನೆಯಲ್ಲಿ ಎಲ್ಲಿ ತಂಪಿದೆ ಎಂಬುದನ್ನು ಬೆಕ್ಕು ನಮಗಿಂತ ಚೆನ್ನಾಗಿ ಬಲ್ಲದು. ಬಚ್ಚಲುಮನೆಯ ನೆಲ, ಮಂಚದ ಕೆಳಗಿನ ಟೈಲ್ಸು, ಕಲ್ಲಿನ ಕಟ್ಟೆ – ಎಲ್ಲದಕ್ಕೂ ದಾರಿ ತೆರೆದಿರಬೇಕು, ಅಷ್ಟೇ. ಪರದೆಗಳನ್ನು ಬಿಸಿಲು ಒಳಗೆ ಬಿದ್ದ ಮೇಲಲ್ಲ, ಬೀಳುವ ಮೊದಲೇ ಎಳೆಯಿರಿ. ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ (ಪೂರ್ತಿ ತುಂಬಿದರೆ ಮಂಜುಗಡ್ಡೆ ಹಿಗ್ಗಿ ಬಾಟಲಿ ಒಡೆಯುತ್ತದೆ) ಫ್ರೀಜರಿನಲ್ಲಿಟ್ಟು, ದಪ್ಪ ಬಟ್ಟೆಯನ್ನು ಎರಡು ಸುತ್ತು ಸುತ್ತಿ ಬೆಕ್ಕು ಮಲಗುವ ಜಾಗದ ಪಕ್ಕದಲ್ಲಿಡಿ. ಅದರ ಮೈ ಕೆಳಗೆ ಇಡಬೇಡಿ. ಜೆಲ್ ತುಂಬಿದ ತಂಪು ಹಾಸುಗಳನ್ನು ಉಗುರು, ಹಲ್ಲು ತೂತು ಮಾಡುತ್ತವೆ, ಸೋರಿದ್ದನ್ನು ಬೆಕ್ಕು ನೆಕ್ಕುತ್ತದೆ. ಹಿಂಡಿ ನೆಲಕ್ಕೆ ಹಾಸಿದ ಒದ್ದೆ ಟವಲ್ ಅದಕ್ಕಿಂತ ನಿಶ್ಚಿಂತೆ.

ಇನ್ನು ನೀರಿನ ವಿಷಯ. ನಮ್ಮ ಅನುಭವದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ. ಬೆಕ್ಕು ಮರುಭೂಮಿಯ ಕಾಡುಬೆಕ್ಕಿನ ಸಂತತಿ. ಮೈಗೆ ನೀರು ಬೇಕಾದಷ್ಟು ಅದಕ್ಕೆ ಬಾಯಾರಿಕೆ ಆಗುವುದಿಲ್ಲ. ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಒಳಗೆ ಹೋಗಬೇಕು. ಅಂದರೆ 4 ಕಿಲೋ ಬೆಕ್ಕಿಗೆ 200 ಮಿಲಿಲೀಟರ್, ಆಹಾರದಲ್ಲಿರುವ ನೀರೂ ಸೇರಿ. ಡಬ್ಬಿಯ ಹಸಿ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಪೊಟ್ಟಣದಲ್ಲಿ ಬರುವ, ಕಾಳಿನಂತಿರುವ ಒಣ ಬೆಕ್ಕಿನ ಆಹಾರದಲ್ಲಿ (ಒಣ ಕಾಳು) ಶೇ 10ರಷ್ಟು. ಒಣ ಕಾಳನ್ನಷ್ಟೇ ತಿನ್ನುವ ಬೆಕ್ಕು ಬೇಸಿಗೆಯಲ್ಲಿ ಕೊರತೆಗೆ ಬೀಳುವುದು ಹೀಗೆ. ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟುತ್ತದೆ, ಗಂಡು ಬೆಕ್ಕಿನ ಕಿರಿದಾದ ಮೂತ್ರನಾಳ ಕಟ್ಟಿಕೊಳ್ಳುತ್ತದೆ. ಗಂಡು ಬೆಕ್ಕು ಲಿಟರ್ ಬಾಕ್ಸಿಗೆ ಮತ್ತೆ ಮತ್ತೆ ಹೋಗಿ, ಮುಕ್ಕಿ, ಏನೂ ಹೊಯ್ಯದೆ ಬರುತ್ತಿದ್ದರೆ ನಾಳೆಯವರೆಗೆ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಪಶುವೈದ್ಯರ ಬಳಿ ಒಯ್ಯಿರಿ.

ನೀರಿನ ಬಟ್ಟಲು ಅಗಲವಾಗಿರಲಿ, ಗಾಜು, ಪಿಂಗಾಣಿ ಅಥವಾ ಸ್ಟೀಲಿನದಾಗಿರಲಿ. ಊಟದ ತಟ್ಟೆಯಿಂದಲೂ ಲಿಟರ್ ಬಾಕ್ಸಿನಿಂದಲೂ ದೂರದಲ್ಲಿ, ಎರಡು ಮೂರು ಕಡೆ ಇಡಿ. ದಿನಕ್ಕೆರಡು ಬಾರಿ ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ತುಂಬಿ. ಲೋಳೆ ಕಟ್ಟಿದ ಬಟ್ಟಲನ್ನು ಬೆಕ್ಕು ಮೂಸಿ ಹೊರಟುಹೋಗುತ್ತದೆ. ಹಸಿ ಆಹಾರಕ್ಕೆ ಒಂದೆರಡು ಚಮಚ ನೀರು ಕಲಸಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಹಾಕದೆ ಕೋಳಿ ಬೇಯಿಸಿದ ನೀರನ್ನು ತಣಿಸಿ ಕೊಟ್ಟರೆ ಬಹುತೇಕ ಬೆಕ್ಕುಗಳು ಕುಡಿಯುತ್ತವೆ. ಹಾಲು ನೀರಿಗೆ ಬದಲಿಯಲ್ಲ: ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗದೆ ಭೇದಿಯಾಗಿ, ಇದ್ದ ನೀರೂ ಹೋಗುತ್ತದೆ. ಊಟವನ್ನು ಬೆಳಗಿನ ತಂಪಿನಲ್ಲಿ ಮತ್ತು ರಾತ್ರಿ ಹಾಕಿ, ಹಸಿ ಆಹಾರ ಉಳಿದರೆ ಗಂಟೆಯೊಳಗೆ ಎತ್ತಿಬಿಡಿ. ಸೆಕೆಗೆ ಊಟ ತುಸು ಕಡಿಮೆಯಾಗುವುದು ಸಹಜ. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ತೋರಿಸಬೇಕು, ಅದರಲ್ಲೂ ದಪ್ಪ ಬೆಕ್ಕಾದರೆ. ಉಪವಾಸದಿಂದ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ತುಪ್ಪಳ ಬೋಳಿಸಿದರೆ ತಂಪಾಗುತ್ತದೆ ಎಂಬುದು ತಪ್ಪು ಎಣಿಕೆ. ತುಪ್ಪಳ ಹೊರಗಿನ ಬಿಸಿಯನ್ನೂ ತಡೆಯುತ್ತದೆ. ದಿನಾ ಬಾಚಿ ಉದುರಿದ ಕೂದಲು ತೆಗೆದರೆ ಸಾಕು. ಜಡೆಗಟ್ಟಿದ ಗಂಟುಗಳನ್ನಷ್ಟೇ ಬಿಡಿಸಬೇಕು. ಬಿಳಿ ಬೆಕ್ಕಿನ ಕಿವಿಯ ತುದಿ ಮತ್ತು ಮೂಗು ಬಿಸಿಲಿಗೆ ಸುಡುತ್ತವೆ, ವರ್ಷಗಟ್ಟಲೆ ಸುಟ್ಟರೆ ಅಲ್ಲಿ ಕ್ಯಾನ್ಸರ್ ಹುಟ್ಟಬಹುದು. ನಾವು ಹಚ್ಚಿಕೊಳ್ಳುವ ಸನ್‌ಸ್ಕ್ರೀನನ್ನು ಅದಕ್ಕೆ ಹಚ್ಚಬೇಡಿ, ನೆಕ್ಕಿ ನುಂಗುತ್ತದೆ. ಗಾಳಿಗೆಂದು ತೆರೆದ ಕಿಟಕಿ, ಬಾಲ್ಕನಿಗಳಿಂದ ಬೆಕ್ಕು ಬೀಳುವುದೂ ಬೇಸಿಗೆಯಲ್ಲೇ ಹೆಚ್ಚು. ಅಂಟಿಸುವ ನೈಲಾನ್ ಸೊಳ್ಳೆ ಪರದೆ ಅದರ ಭಾರ ತಡೆಯದು, ಚೌಕಟ್ಟಿಗೆ ಬಿಗಿದ ಲೋಹದ ಜಾಲರಿಯೇ ಬೇಕು. ಬೀರು, ವಾಷಿಂಗ್ ಮೆಷಿನ್, ಕಾರು – ಮುಚ್ಚುವ ಮೊದಲು ಒಳಗೊಮ್ಮೆ ನೋಡಿ.

ಎಷ್ಟು ಜಾಗ್ರತೆ ವಹಿಸಿದರೂ ಉಷ್ಣಾಘಾತ ಆಗಬಹುದು. ತೇಕು, ಸುರಿಯುವ ಜೊಲ್ಲು, ಕಡುಕೆಂಪು ವಸಡು, ವಾಂತಿ, ತೂರಾಡುವ ನಡಿಗೆ ಅದರ ಲಕ್ಷಣಗಳು. ಗುದದಲ್ಲಿ ಥರ್ಮಾಮೀಟರ್ ಇಟ್ಟಾಗ 40.5 ದಾಟಿದ್ದರೆ ಸಂಶಯವೇ ಬೇಡ. ಥರ್ಮಾಮೀಟರ್ ಇಲ್ಲದಿದ್ದರೆ ಹುಡುಕುತ್ತಾ ಸಮಯ ಕಳೆಯಬೇಡಿ. ನೆರಳಿಗೆ ತಂದು, ನಲ್ಲಿಯ ಸಾದಾ ನೀರಿನಲ್ಲಿ ಚರ್ಮ ಮುಟ್ಟುವಂತೆ ಮೈ ತೋಯಿಸಿ, ಫ್ಯಾನ್ ಹಾಕಿ. ಮಂಜುಗಡ್ಡೆಯ ನೀರು ಬೇಡ: ಚರ್ಮದ ರಕ್ತನಾಳ ಕುಗ್ಗಿ, ನಡುಕ ಹುಟ್ಟಿ, ಬಿಸಿ ಒಳಗೇ ಉಳಿಯಬಹುದು. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಬೇಡಿ, ಅದು ನಿಮಿಷಗಳಲ್ಲಿ ಕಾದು ಕಂಬಳಿಯಾಗುತ್ತದೆ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಶಾಖ 39.5ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ, ಇಲ್ಲವಾದರೆ ಮೈ ತೀರ ತಣ್ಣಗಾಗುತ್ತದೆ. ಬೆಕ್ಕು ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡ ಕೆಟ್ಟದ್ದು ಎರಡು ಮೂರು ದಿನ ಕಳೆದ ಮೇಲೆ ತಿಳಿಯುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಇಂಥ ಬರಹ ಪ್ರಕಟಿಸುವಾಗ ಎರಡು ಎಚ್ಚರಿಕೆಗಳನ್ನು ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ ಹಾಕಿ. ಮೈ ಬಿಸಿಯಿದೆಯೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು: ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, 500 ಮಿಲಿಗ್ರಾಂನ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ನಾಯಿಯ ಚಿಗಟಕ್ಕೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಬಾರದು: ನಡುಕ, ಸೆಳೆತ ಬರುತ್ತದೆ. ಗೊತ್ತಿಲ್ಲದೆ ಕೊಟ್ಟು ಅಥವಾ ಹಚ್ಚಿ ಆಗಿದ್ದರೆ, ಔಷಧದ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಕೂಡಲೇ ಪಶುವೈದ್ಯರ ಬಳಿ ಹೋಗಬೇಕು.

ಇಂತಿ,
ಬೆಕ್ಕು ಸಾಕುವ ಓದುಗರು