ಅಕ್ಕನಿಗೆ, ಲೆಸ್ಟರ್‌ನಿಂದ

ಲೆಸ್ಟರ್, ಇಂಗ್ಲೆಂಡ್
ನವೆಂಬರ್ ಕೊನೆ ವಾರ

ಪ್ರೀತಿಯ ಅಕ್ಕ,

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಚಳಿಯೂ ಜಾಸ್ತಿ.

ಅದೇನು ಓದುತ್ತಿದ್ದೀಯ ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಟೀಚಿಂಗ್ ಅಸಿಸ್ಟೆಂಟ್ ಕೋರ್ಸ್. ಪಾಠ ಮಾಡುವವರು ಬೇರೆ. ಓದು ಹತ್ತದ, ಒಂದು ಕಡೆ ಕೂರಲಾಗದ, ಮಾತು ಬಾರದ ಮಕ್ಕಳ ಪಕ್ಕ ಕೂತು ಕಲಿಸುವುದು ನಮ್ಮ ಕೆಲಸ. ಇಲ್ಲಿ ಇದಕ್ಕೆ 2014ರ ಕಾನೂನಿದೆ. ತುಂಬಾ ನೆರವು ಬೇಕಾದ ಮಗುವಿಗೆ ಅಂತಲೇ ಒಂದು ಯೋಜನೆ ಬರೆಯುತ್ತಾರೆ. ಬೇಕಾದರೆ ಅದು 25 ವರ್ಷದವರೆಗೂ ನಡೆಯುತ್ತದೆ. ಅದನ್ನು 20 ವಾರದೊಳಗೆ ಬರೆದು ಕೊಡಬೇಕು. ಎಷ್ಟೋ ತಾಯಂದಿರು ಅದಕ್ಕಿಂತ ಜಾಸ್ತಿ ಕಾಯುತ್ತಾರೆ, ಪಾಪ.

ನಾನು ಕೆಲಸ ಕಲಿಯುವ ಶಾಲೆಯಲ್ಲಿ ಆರು ವರ್ಷದ ಒಬ್ಬ ಹುಡುಗನಿದ್ದಾನೆ. ಹೆಸರು ಹೊರಗೆ ಹೇಳುವಂತಿಲ್ಲ. ದಿನಾ ಊಟದ ಬೆಲ್ಲಿಗೆ ಮುಂಚೆ ಕಿರುಚಿ, ಪೆನ್ಸಿಲ್ ಡಬ್ಬಿ ಎಸೆದು, ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದ. ಹಾಳೆಯಲ್ಲಿ ಮೂರು ಕಾಲಂ ಎಳೆದು ಬರೆಯಲು ಅವನ ಟೀಚರ್ ನನಗೆ ಹೇಳಿದರು. ಮುಂಚೆ ಏನಾಯಿತು, ಅವನೇನು ಮಾಡಿದ, ಆಮೇಲೆ ಏನಾಯಿತು. ಮೊದಲ ದಿನ 'ಹಠ ಮಾಡಿದ' ಅಂತ ಬರೆದೆ. ಹಠ ಕಣ್ಣಿಗೆ ಕಾಣುತ್ತದಾ, ಕಂಡಿದ್ದನ್ನು ಬರೆ ಅಂದರು.

ನಾನಿಲ್ಲದ ದಿನ ಟೀಚರ್ ಬರೆದಿಡುತ್ತಿದ್ದರು. ಎರಡು ವಾರ ಆದಮೇಲೆ ನೋಡಿದರೆ ಮೊದಲ ಕಾಲಂನಲ್ಲಿ ದಿನಾ ಒಂದೇ ಸಂಗತಿ. ಪಕ್ಕದ ಹಾಲ್‌ನಲ್ಲಿ ಊಟಕ್ಕೆ ಮೇಜು ಎಳೆಯುವ ಸದ್ದು! ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಅವನಿಗೆ ಅದು ತಡೆಯಲಾಗುತ್ತಿರಲಿಲ್ಲ. ಈಗ ಆ ಹೊತ್ತಿಗೆ ಅವನ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕುತ್ತೇವೆ. ರಟ್ಟಿನ ಮೇಲೆ ಎರಡು ಚಿತ್ರ ಅಂಟಿಸಿ ತೋರಿಸುತ್ತೇವೆ: 'ಈಗ' ಲೆಕ್ಕ, 'ಆಮೇಲೆ' ಊಟ. ಡಬ್ಬಿ ಎಸೆಯುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮೊನ್ನೆ ತಾನಾಗಿ ನನ್ನ ಹತ್ತಿರ ಬಂದು ಕಿವಿ ಮುಟ್ಟಿ ತೋರಿಸಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡಿತು.

ಅವತ್ತಿನಿಂದ ನಮ್ಮ ತಮ್ಮ ಪುಟ್ಟನದೇ ಯೋಚನೆ. ನಾಲ್ಕನೇ ಕ್ಲಾಸಿನಲ್ಲೂ 'ಅಕ್ಕ' ಅನ್ನುವುದನ್ನು 'ಅಕ' ಅಂತ ಬರೆಯುತ್ತಿದ್ದ, ನೆನಪಿದೆಯಾ? ಒತ್ತಕ್ಷರ ಕೈಗೇ ಬರುತ್ತಿರಲಿಲ್ಲ. ಪ, ಷ ಅದಲುಬದಲು. ಆದರೆ ಕಥೆ ಹೇಳು ಅಂದರೆ ಜಗುಲಿ ತುಂಬ ಜನ ಕೂತು ಕೇಳುತ್ತಿದ್ದರು. ಮೇಷ್ಟ್ರು ಕೋಲು ತೆಗೆದರು, ಅಪ್ಪ ದಡ್ಡ ಅಂದರು, ನಾವಿಬ್ಬರೂ ನಕ್ಕೆವು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ. ಡಿಸ್ಲೆಕ್ಸಿಯಾ ಅಂತ ಒಂದಿದೆ ಅಕ್ಕ, ಓದು ಬರಹ ಕಷ್ಟವಾಗುವ ತೊಂದರೆ. ಅದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಇವನಿಗೆ ಅದೇ ಇತ್ತು ಅಂತ ನಾನು ಹೇಳಲಾರೆ, ನೋಡಿ ಹೇಳುವವರು ಬೇರೆ. ಆದರೆ ಯಾರೂ ಸುಮ್ನೆ ಅವನ ಪಕ್ಕ ಕೂತು ನೋಡಲೇ ಇಲ್ಲ, ಅಲ್ವಾ?

ನಮ್ಮಲ್ಲೂ 2016ರ ಕಾನೂನಿನ 21 ವೈಕಲ್ಯಗಳ ಪಟ್ಟಿಯಲ್ಲಿ ಇಂಥ ಕಲಿಕೆಯ ತೊಂದರೆ ಸೇರಿದೆ. ನಿನ್ನ ಕ್ಲಾಸಿನಲ್ಲಿ ಮೂಲೆ ಬಿಟ್ಟು ಏಳದ ಹುಡುಗಿಯ ವಿಷಯ ಹೇಳಿದ್ದೆಯಲ್ಲ, ಅವಳಿಗೂ ಆ ಮೂರು ಕಾಲಂ ಬರೆದು ನೋಡು. ಅಷ್ಟು ಮಕ್ಕಳ ನಡುವೆ ನಿನಗೆ ಪುರುಸೊತ್ತಿಲ್ಲ, ಗೊತ್ತು. ದಿನಕ್ಕೆ ಎರಡು ಸಾಲು, ಒಂದು ವಾರ ಸಾಕು. ಆಮೇಲೆ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗೆ ಅಂತಲೇ ಇರುವ ಬಿಐಇಆರ್‌ಟಿ ಟೀಚರಿಗೆ ತೋರಿಸು. 'ಈಗ, ಆಮೇಲೆ' ರಟ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ.

ಈ ಕಾಗದ ಪುಟ್ಟನಿಗೂ ಮುಟ್ಟಬೇಕು. ಕೈಗೆ ಕೊಟ್ಟು ಓದಿಕೋ ಅನ್ನಬೇಡ. ಪಕ್ಕ ಕೂತು ನೀನೇ ಓದಿ ಹೇಳು. ಅವತ್ತು ನಕ್ಕಿದ್ದು ತಪ್ಪಾಯಿತು ಅಂತ ನಾನು ಹೇಳಿದೆ ಅನ್ನು.

ಇಂತಿ ನಿನ್ನ
ತಂಗಿ