ಗಾಂಧಾರ ಬಿಟ್ಟು ಒಮ್ಮೆ ನುಡಿಸಿ ನೋಡೋ

ಪ್ರೀತಿಯ ಗೆಳೆಯ,

ಗಿಟಾರಿನ ಸಸ್ ಕಾರ್ಡ್ (ಸಸ್ಪೆಂಡೆಡ್ ಕಾರ್ಡ್) ತಲೆಗೆ ಹತ್ತುತ್ತಿಲ್ಲ ಅಂದಿದ್ದೆಯಲ್ಲ, ಫೋನಿನಲ್ಲಿ ಹೇಳುವುದಕ್ಕಿಂತ ಬರೆಯುವುದೇ ವಾಸಿ ಅನ್ನಿಸಿತು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಷ್ಟೇ ತಾನೇ? ನೀನು ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವನು, ಸ್ವರ ಹಿಡಿದು ಯೋಚಿಸು. ಸ, ಅಂತರ ಗಾಂಧಾರ, ಪ ಸೇರಿದರೆ ಮೇಜರ್. ಸಾಧಾರಣ ಗಾಂಧಾರ ಬಂದರೆ ಮೈನರ್. ಆ ಗಾಂಧಾರವನ್ನೇ ತೆಗೆದು ಶುದ್ಧ ಮಧ್ಯಮ ಇಟ್ಟರೆ ಸಸ್ ಫೋರ್, ಚತುಶ್ರುತಿ ರಿಷಭ ಇಟ್ಟರೆ ಸಸ್ ಟೂ. ಅಷ್ಟೇ ಕಣೋ.

ಡಿ ಕಾರ್ಡಿನಿಂದ ಶುರು ಮಾಡು. ಮೊದಲ ತಂತಿಯ ಎರಡನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಮನೆಯಲ್ಲಿ) ನಡುಬೆರಳು ಇರುತ್ತದೆ ಅಲ್ವಾ, ಗಾಂಧಾರ ಇರುವುದು ಅಲ್ಲೇ. ಆ ಬೆರಳನ್ನು ತೆಗೆಯದೆ ಕಿರುಬೆರಳಿನಿಂದ ಮೂರನೇ ಫ್ರೆಟ್ ಒತ್ತು, ಡಿ ಸಸ್ ಫೋರ್ ಬಂತು. ಎರಡನ್ನೂ ಎತ್ತಿ ಆ ತಂತಿಯನ್ನು ಖಾಲಿ ಬಿಟ್ಟರೆ ಸಸ್ ಟೂ. ತೋರುಬೆರಳು, ಉಂಗುರ ಬೆರಳು ಮಾತ್ರ ಅಲ್ಲಾಡಬಾರದು. ಎ ಕಾರ್ಡಿನಲ್ಲಿ ಇದೇ ಆಟ ಎರಡನೇ ತಂತಿಯ ಮೇಲೆ.

ಸಸ್ ನುಡಿಸಿದ ಮೇಲೆ ಮೇಜರ್‌ಗೆ ಇಳಿಯಲೇಬೇಕು ಅಂತ ಎಷ್ಟೋ ಪಾಠಗಳಲ್ಲಿ ಹೇಳುತ್ತಾರೆ. ಯುರೋಪಿನ ಹಳೆಯ ಚರ್ಚ್ ಸಂಗೀತದಲ್ಲಿ ಹಿಂದಿನ ಸ್ವರವೊಂದನ್ನು ಹಾಗೇ ಹಿಡಿದಿಟ್ಟು ಆಮೇಲೆ ಇಳಿಸುತ್ತಿದ್ದರು, ಈ ರೂಢಿ ಅಲ್ಲಿಂದ ಬಂದದ್ದು. ಆ ಎಳೆತವೂ ಚೆಂದವೇ. ಆದರೆ ನನಗೆ ಇಳಿಯದೇ ಉಳಿಯುವ ಸಸ್ ಜಾಸ್ತಿ ಇಷ್ಟ, ಅದಕ್ಕೆ ಕಾರಣ ಮಧ್ಯಮಾವತಿ. ಸ ರಿ ಮ ಪ ನಿ, ಆ ರಾಗದಲ್ಲಿ ಗಾಂಧಾರವೇ ಇಲ್ಲ! ಡಿಯನ್ನು ಷಡ್ಜ ಮಾಡಿಕೊಂಡು ಹಾಡುವಾಗ ಡಿ ಮೇಜರ್ ಹಾಕಿದರೂ ಮೈನರ್ ಹಾಕಿದರೂ ರಾಗಕ್ಕೆ ಸೇರದ ಸ್ವರವೊಂದು ನುಗ್ಗಿಬಿಡುತ್ತದೆ, ಅದೇ ಸಸ್ ಟೂ ಮತ್ತು ಸಸ್ ಫೋರ್ ಹಾಕಿದರೆ ಒಂದು ಸ್ವರವೂ ರಾಗದ ಹೊರಗೆ ಹೋಗುವುದಿಲ್ಲ. ನಿಷಾದದ ಮೇಲೆ ನಿಲ್ಲುವಾಗ ಸಿ ಮೇಜರ್ ಹಾಕು, ಅದರ ಮೂರು ಸ್ವರ ನಿ, ರಿ, ಮ. ಎಷ್ಟು ಸರಿಯಾಗಿ ಕೂರುತ್ತದೆ ನೋಡು.

ಸುಮ್ನೆ ಸ್ಟ್ರಮ್ ಮಾಡುತ್ತಾ ಹೋಗಬೇಡ. ಗಮಕ ಬರುವ ಕಡೆ ಕೈ ನಿಲ್ಲಿಸಿ ತಂತಿಗಳನ್ನು ಮೊಳಗಲು ಬಿಡು, ಇಲ್ಲದಿದ್ದರೆ ನಿನ್ನ ದನಿ ಕೇಳುವುದಿಲ್ಲ. ಡಿ ಶ್ರುತಿ ತಗ್ಗಾದರೆ ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿಕೋ, ಬೆರಳು ಹಿಡಿಯುವ ರೀತಿ ಅದೇ. ರೆಕಾರ್ಡ್ ಮಾಡಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ